ಕುದ್ರೋಳಿ: ಕಡಲ ಬಾಗಿಲು, ಗುಡಿಯ ಬಾಗಿಲು

ಮಂಗಳೂರಿನ ಕುದ್ರೋಳಿಯಿಂದ ಪಡುವಣಕ್ಕೆ ನಡೆದರೆ ಕಡಲಿಗಿಂತ ಮೊದಲು ಹೊಳೆ ಸಿಗುತ್ತದೆ. ಘಟ್ಟದಿಂದ ಇಳಿದು ಗುರುಪುರ ದಾಟಿ ಬಂದ ಫಲ್ಗುಣಿ ಇಲ್ಲಿ ನೇರವಾಗಿ ಸಮುದ್ರಕ್ಕೆ ಬೀಳದೆ ತೆಂಕಣಕ್ಕೆ ತಿರುಗುತ್ತದೆ. ಅದರ ಆಚೆ ದಡದಲ್ಲಿ ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ಹೊಯಿಗೆಯ ಉದ್ದನೆಯ ಪಟ್ಟಿ. ಆ ಹೊಯಿಗೆಯ ಬೆನ್ನಿಗೆ ಅರಬ್ಬಿ ಸಮುದ್ರ. ಹೊಳೆಯೂ ಕಡಲೂ ಬಹುದೂರ ಅಕ್ಕಪಕ್ಕದಲ್ಲೇ ಸಾಗಿ, ಕೊನೆಗೆ ನೇತ್ರಾವತಿಯೂ ಬಂದು ಕೂಡುವ ಅಳಿವೆಬಾಗಿಲಿನಲ್ಲಿ ಒಂದಾಗುತ್ತವೆ. ಅಲೆಗಳ ಅಬ್ಬರ ತಾಗದ, ಆದರೆ ಕಡಲಿಗೆ ದಾರಿ ಇರುವ ಈ ನಿಂತಂತಿರುವ ನೀರೇ ಮಂಗಳೂರನ್ನು ಬಂದರು ಮಾಡಿತು. ಹಾಯಿಹಡಗುಗಳು ಒಳಗೆ ಬಂದು ಲಂಗರು ಹಾಕಿದವು. ಅವುಗಳ ಜೊತೆಗೆ ಬಂದವರಲ್ಲಿ ಕೆಲವರು ವ್ಯಾಪಾರ ಮುಗಿಸಿ ಹೋದರು, ಕೆಲವರು ಮನೆ ಮಾಡಿಕೊಂಡು ಇಲ್ಲಿಯವರೇ ಆದರು.

ಬೆಳಗಿನ ಹೊತ್ತಿನಲ್ಲಿ ಪಕ್ಕದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ ನಿಂತರೆ ಈ ಇಡೀ ಭೂಗೋಳ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಕಡವಿನಲ್ಲಿ ದೋಣಿಗೆ ಕಾಯುವವರ ಸಾಲು. ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟವರು, ಸಂತೆಚೀಲ ಹಿಡಿದ ಹೆಂಗಸರು, ಸಮುದ್ರ ನೋಡಲು ಹೊರಟ ಕಾಲೇಜು ಮಕ್ಕಳು. "ಸೈಕಲ್ ಎದುರಿಗೆ ಇಡಿ ಅಣ್ಣ, ಈಗ ಬಿಡ್ಲಿಕ್ಕುಂಟು" ಎನ್ನುತ್ತಾನೆ ದೋಣಿಯವನು. ಇಂಜಿನ್ ಗುಡುಗಿ, ಡೀಸೆಲ್ ವಾಸನೆ ಎದ್ದು, ದೋಣಿ ಅಡ್ಡಲಾಗಿ ಹೊಳೆ ಕೊಯ್ಯುತ್ತದೆ. ಕೆಲವೇ ನಿಮಿಷ, ಆಚೆ ದಡ. ಗಾಳಿಮರಗಳ ನೆರಳು ದಾಟಿದರೆ ತಣ್ಣೀರುಬಾವಿಯ ಕಡಲತೀರ. ಹೊಳೆಯ ಇಳಿತದ ವೇಳೆಯಾದರೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕೆಸರಿನೊಳಗೆ ಕೈಹಾಕಿ ಮರುವಾಯಿ ಹೆಕ್ಕುವವರು ಕಾಣುತ್ತಾರೆ. ಹೆಕ್ಕಿದ ಚಿಪ್ಪುಗಳನ್ನು ಬದಿಗೆ ಕಟ್ಟಿದ ಸಣ್ಣ ದೋಣಿಗೆ ಎಸೆದಾಗ ಒಣ ಸದ್ದು. ಅಲ್ಲೇ ಒಬ್ಬ ಬೀಸುಬಲೆಯನ್ನು ಹೆಗಲಿನಿಂದ ಬಿಡಿಸಿ ಸುತ್ತಿ ಎಸೆಯುತ್ತಾನೆ. ಬಲೆ ಗಾಳಿಯಲ್ಲಿ ದುಂಡಗೆ ಅರಳಿ ನೀರಿಗೆ ಬೀಳುತ್ತದೆ.

ಬತ್ತೇರಿ ಎಂದರೆ ದೊಡ್ಡ ಕೋಟೆಯೆಂದು ಭಾವಿಸಿ ಬಂದವರಿಗೆ ಅದರ ಗಾತ್ರ ಅಚ್ಚರಿ ತರುತ್ತದೆ. ಕಪ್ಪು ಕಲ್ಲಿನಲ್ಲಿ ಕಟ್ಟಿದ ಒಂದೇ ಒಂದು ಕಾವಲು ಬುರುಜು. ಅಗಲವಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಸುತ್ತಲೂ ಫಿರಂಗಿಯ ಬಾಯಿಗೆಂದು ಬಿಟ್ಟ ಕಿಂಡಿಗಳು. ಕೆಳಗೆ ಮದ್ದುಗುಂಡು ಇಡುತ್ತಿದ್ದ ಜಾಗ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಶತ್ರುವಿನ ಯುದ್ಧನೌಕೆ ಹೊಳೆಯೊಳಗೆ ನುಗ್ಗಬಾರದು ಎಂಬುದೇ ಇದರ ಉದ್ದೇಶ. ಅದೇ ವರ್ಷದ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ, ಬೂದಿ ಬುಧವಾರದಂದು, ಈ ಕರಾವಳಿಯ ಕೆಥೋಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕರು. ಬುರುಜಿನ ಮೇಲೆ ನಿಂತವರು ಈ ಎರಡನ್ನೂ ಒಟ್ಟಿಗೆ ನೆನೆಯಬೇಕು. ಹೊರಗಿನವರ ವಿರುದ್ಧ ಎದ್ದ ಕಾವಲು ಮತ್ತು ಒಳಗಿನವರನ್ನೇ ಹೊರಗಿನವರೆಂದು ಕಂಡ ಕ್ರೌರ್ಯ, ಎರಡೂ ಒಂದೇ ಕಾಲದವು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. ಹೊಳೆದಂಡೆಯುದ್ದಕ್ಕೂ ಅದೇ ಪ್ರಶ್ನೆ ಬೇರೆ ಬೇರೆ ಕಾಲದಲ್ಲಿ ಎದುರಾಗುತ್ತಾ ಹೋಗುತ್ತದೆ.

ಬತ್ತೇರಿಯಿಂದ ಬೊಕ್ಕಪಟ್ಣ, ಕುದ್ರೋಳಿ ಹಾದು ಬಂದರಿನ ಕಡೆಗೆ ನಡೆಯುವಾಗ ಗಾಳಿಯ ವಾಸನೆ ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ. ಮೊದಲು ಕೆಸರು ಮತ್ತು ಉಪ್ಪು, ಆಮೇಲೆ ಒಣಮೀನು, ಬಂದರಿನ ಗಲ್ಲಿಗೆ ತಿರುಗಿದರೆ ಕೊಬ್ಬರಿ, ಕರಿಮೆಣಸು, ಗೋಣಿಚೀಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ದಪ್ಪ ಮರದ ಬಾಗಿಲುಗಳ ಹಳೆಯ ಗೋದಾಮುಗಳು. ಲಾರಿಯಿಂದ ಚೀಲ ಇಳಿಸುವವರ ಬೆನ್ನಿನ ಮೇಲೆ ಬೆವರಿನ ಗೆರೆ. ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳು ನಿಂತಿರುತ್ತವೆ. ಅಕ್ಕಿ, ತರಕಾರಿ, ಸಿಮೆಂಟು ತುಂಬಿಕೊಂಡು, ಹೊಟ್ಟೆ ನೀರಿಗೆ ತಾಗುವಷ್ಟು ಭಾರವಾಗಿ. ಮಳೆಗಾಲ ಬಂತೆಂದರೆ ಮಂಜಿಗಳ ಓಡಾಟ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಆ ದಿನಗಳಲ್ಲಿ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತು, ಬಲೆ ಹೆಣೆಯುವ ಕೈಗಳಿಗೆ ಮಾತ್ರ ಕೆಲಸ. ಕಡಲಿನ ಊರಿನ ವರ್ಷ ಎಂದರೆ ತೆರೆಯುವ ಮತ್ತು ಮುಚ್ಚುವ ಕಾಲಗಳ ವರ್ಷ.

ಈ ಬಂದರಿಗೆ 1342ರ ಸುಮಾರಿಗೆ ಒಬ್ಬ ಅತಿಥಿ ಬಂದಿದ್ದ. ಮೊರೊಕ್ಕೋದ ತಾಂಜೀರಿನವನು, ಇಬ್ನ್ ಬತೂತ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಚೀನಾಕ್ಕೆ ಕಳಿಸಿದ ರಾಯಭಾರಿಯಾಗಿ ಕರಾವಳಿಯುದ್ದಕ್ಕೂ ತೆಂಕಣಕ್ಕೆ ಹೊರಟವನು. ಹೊನ್ನಾವರ ಬಿಟ್ಟು, ಬಾರಕೂರು ಮುಟ್ಟಿ, ಅಲ್ಲಿಂದ 'ಮಂಜರೂರ್'ಗೆ ಬಂದ. ಮಲಬಾರಿನ ಅತಿ ದೊಡ್ಡ ಹಿನ್ನೀರಿನ ದಂಡೆಯ ದೊಡ್ಡ ಪಟ್ಟಣ ಎಂದು ಅವನ ಪ್ರವಾಸಕಥನ ಹೇಳುತ್ತದೆ. ಪಾರಸಿ ಮತ್ತು ಯೆಮನಿನ ವರ್ತಕರಲ್ಲಿ ಹೆಚ್ಚಿನವರು ಇಳಿಯುತ್ತಿದ್ದುದು ಇಲ್ಲಿ. ಕರಿಮೆಣಸು ಮತ್ತು ಶುಂಠಿ ಹೇರಳ. ರಾಮದೇವ ಎಂಬ ದೊರೆ. ಪಟ್ಟಣದ ಒಂದು ಬದಿಯಲ್ಲಿ ಸುಮಾರು 4000 ಮುಸಲ್ಮಾನರ ಕೇರಿ. ಊರವರಿಗೂ ಅವರಿಗೂ ಆಗಾಗ ಜಗಳ. ವರ್ತಕರು ಬೇಕಾಗಿದ್ದರಿಂದ ದೊರೆಯೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ.

ಆ ಕಥನದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಅವನು ನೆಲಕ್ಕಿಳಿಯುವ ಮೊದಲಿನದು. ಊರಿನ ಖಾಜಿ ಬದ್ರುದ್ದೀನ್ ಹಡಗಿಗೇ ಬಂದು ಇಳಿಯಿರಿ ಎಂದು ಕರೆಯುತ್ತಾನೆ. ದೊರೆ ತನ್ನ ಮಗನನ್ನು ಹಡಗಿನಲ್ಲಿ ಒತ್ತೆಯಾಗಿ ಇರಿಸಿದರೆ ಮಾತ್ರ ಇಳಿಯುತ್ತೇವೆ, ಬಾರಕೂರಿನಲ್ಲೂ ಹಾಗೇ ಆಗಿತ್ತು ಎಂದು ಇವರ ಹಟ. ಇಲ್ಲಿ ಅದರ ಅಗತ್ಯವಿಲ್ಲ ಎಂದು ಖಾಜಿ ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ದೊರೆ ಮಗನನ್ನು ಕಳಿಸುತ್ತಾನೆ. ಆಮೇಲೆ ಇವರು ಇಳಿದು, ಬಹಳ ಗೌರವದ ಆತಿಥ್ಯ ಪಡೆದು, ಮೂರು ದಿನ ಇದ್ದು ಮುಂದಕ್ಕೆ ಹೋಗುತ್ತಾರೆ. ಮೂರು ದಿನಗಳ ಅತಿಥಿಗಾಗಿ ಅರಸುಮಗ ಹಡಗಿನಲ್ಲಿ ಕೂತ. ಬಂದರಿನ ಊರು ಹೊರಗಿನವರಿಗೆ ಎಷ್ಟು ದೂರ ಬಾಗಲು ಸಿದ್ಧವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೇ ಇಬ್ನ್ ಬತೂತ ಕೆಲವು ವರ್ಷಗಳ ನಂತರ, 1350ರ ಸುಮಾರಿಗೆ, ಸ್ಪೇನಿನ ತೆಂಕಣ ಕರಾವಳಿಯ ಮಾಲಗಾ ನಗರಕ್ಕೂ ಹೋದ. ಆಗ ಅದು ಗ್ರನಾಡದ ಮುಸ್ಲಿಂ ಅರಸರ ಬಂದರು. ಅಲ್ಲಿಯ ದ್ರಾಕ್ಷಿ, ದಾಳಿಂಬೆ, ಪೂರ್ವಕ್ಕೂ ಪಶ್ಚಿಮಕ್ಕೂ ಹೋಗುತ್ತಿದ್ದ ಅಂಜೂರ ಮತ್ತು ಬಾದಾಮಿ, ದೂರದೇಶಗಳಿಗೆ ಸಾಗುತ್ತಿದ್ದ ಹೊನ್ನಿನ ಹೊಳಪಿನ ಮಣ್ಣಿನ ಪಾತ್ರೆ, ಎತ್ತರದ ಕಿತ್ತಳೆಮರಗಳಿದ್ದ ಮಸೀದಿಯಂಗಳ, ಎಲ್ಲವನ್ನೂ ಮನಸಾರೆ ಹೊಗಳಿದ. ಊರಿಗೆ ಮರಳಿದ ಮೇಲೆ ಅವನು ಫೆಜ್ ನಗರದಲ್ಲಿ ಕೂತು ಹೇಳಿದ ಕಥೆಯನ್ನು ಬರೆದುಕೊಂಡವನು ಇಬ್ನ್ ಜುಜೈ, ಗ್ರನಾಡದಲ್ಲಿ ಹುಟ್ಟಿದ ಕವಿ. ಹೀಗೆ ನಮ್ಮ ಬಂದರಿನ ಶುಂಠಿ, ಮೆಣಸು, ರಾಮದೇವ ಎಲ್ಲವೂ ಪುಸ್ತಕಕ್ಕೆ ಇಳಿದದ್ದು ಒಬ್ಬ ಸ್ಪೇನ್ ನೆಲದವನ ಲೇಖನಿಯಿಂದ.

ಆ ಇನ್ನೊಂದು ಬಂದರಿಗೆ ಮುಂದೆ ಏನಾಯಿತು ಎಂಬುದನ್ನೂ ಹೇಳಬೇಕು. 1487ರಲ್ಲಿ ದೀರ್ಘ ಮುತ್ತಿಗೆಯ ನಂತರ ಮಾಲಗಾ ಕ್ರೈಸ್ತ ದೊರೆಗಳಾದ ಫರ್ಡಿನಾಂಡ್ ಮತ್ತು ಇಸಬೆಲ್ಲಾರ ವಶವಾಯಿತು. ನಗರದ ಮುಸಲ್ಮಾನರಲ್ಲಿ ಬಹುಪಾಲು ಮಂದಿಯನ್ನು ಗುಲಾಮರನ್ನಾಗಿ ಮಾಡಲಾಯಿತು. 1492ರಲ್ಲಿ ಇಡೀ ಸ್ಪೇನಿನಿಂದ ಯಹೂದಿಗಳನ್ನು ಹೊರಗಟ್ಟಲಾಯಿತು. ಮಸೀದಿ ಇದ್ದಲ್ಲಿ ದೊಡ್ಡ ಕೆಥೆಡ್ರಲ್ ಎದ್ದಿತು. ಇಂದು ಮಾಲಗಾದಲ್ಲಿ ಪ್ರವಾಸಿಗರು ಹತ್ತಿ ನೋಡುವ ಅಲ್ಕಜಾಬಾ ಕೋಟೆ ಬಹಳ ಸುಂದರ. ಆದರೆ ಅದನ್ನು ಕಟ್ಟಿದವರ ಮಕ್ಕಳು ಆ ಊರಿನಲ್ಲಿ ಉಳಿಯಲಿಲ್ಲ. ಇತ್ತ ಮಂಗಳೂರಿನ ಬಂದರಿನಲ್ಲಿ ಇಸ್ಲಾಂ ಪ್ರಚಾರಕ ಮಾಲಿಕ್ ದೀನಾರ್ ಕಾಲದಿಂದ ಇದೆಯೆಂದು ಪ್ರತೀತಿ ಇರುವ ಝೀನತ್ ಬಕ್ಷ್ ಮಸೀದಿಯಲ್ಲಿ ಇಂದಿಗೂ ಬಾಂಗ್ ಕೇಳುತ್ತದೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡಿದರೆ ಕರಾವಳಿಯ ಬಡಗಿಗಳ ಕೈ ಥಟ್ಟನೆ ಗುರುತು ಸಿಗುತ್ತದೆ. ಗುಡಿಯ ಕಂಬ ಕೆತ್ತಿದ ಉಳಿಯೇ ಪಳ್ಳಿಯ ಕಂಬವನ್ನೂ ಕೆತ್ತಿದೆ.

ಇಬ್ನ್ ಬತೂತನಿಗಿಂತ ಇನ್ನೂರು ವರ್ಷ ಮೊದಲು ಇಲ್ಲಿಗೆ ಬಂದ ಇನ್ನೊಬ್ಬ ಮೂರು ದಿನಕ್ಕೆ ಹೋಗಲಿಲ್ಲ. ಅಬ್ರಹಾಂ ಬೆನ್ ಯಿಜು, ಟುನೀಸಿಯಾ ಮೂಲದ ಯಹೂದಿ ವರ್ತಕ. 1132ಕ್ಕೆ ಮೊದಲೇ ಬಂದು 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲೇ ಇದ್ದ. ಕಂಚಿನ ಕೆಲಸದ ಕಾರ್ಖಾನೆ ನಡೆಸಿದ. ಏಡನಿನ ಗೆಳೆಯರು ಒಡೆದ ಪಾತ್ರೆ ಕಳಿಸಿದರೆ ಹೊಸದು ಮಾಡಿಸಿ ಕಳಿಸುತ್ತಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಹೊರಟರೆ ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿತ್ತು. ಆಶು ಎಂಬ ಈ ಕಡೆಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ. ಅವನ ವ್ಯಾಪಾರದ ಆಳು ಬೊಮ್ಮ ಹಡಗು ಹತ್ತಿ ಏಡನಿಗೆ ಹೋಗಿ ಬರುತ್ತಿದ್ದ. ಕೈರೋದ ಹಳೆಯ ಯಹೂದಿ ಮಂದಿರದ ಕಾಗದರಾಶಿಯಲ್ಲಿ ಈ ಪತ್ರಗಳೆಲ್ಲ ಸಿಕ್ಕವು. ಕಾದಂಬರಿಕಾರ ಅಮಿತಾವ್ ಘೋಷ್ ಅವನ್ನು ಹಿಂಬಾಲಿಸಿ ಮಂಗಳೂರಿಗೆ ಬಂದು, ಪ್ರೊ. ಬಿ.ಎ. ವಿವೇಕ ರೈಯವರ ನೆರವಿನಿಂದ ಬೊಮ್ಮನ ತುಳುನಾಡನ್ನು ತಿಳಿದುಕೊಂಡು, 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದರು. ಕಾಗದದ ಹಾಳೆಯೊಂದರಲ್ಲಿ ಆಳೊಬ್ಬನ ಹೆಸರು ಎಂಟು ಶತಮಾನ ಉಳಿಯುವುದು ಅಪರೂಪ. ಬಂದರಿನ ಚರಿತ್ರೆ ಸಾಹುಕಾರರದ್ದು ಮಾತ್ರ ಎಂದು ಯಾರಾದರೂ ಹೇಳಿದರೆ ಬೊಮ್ಮನನ್ನು ನೆನೆಯಬಹುದು.

ಆಮೇಲೆ ಬಂದವರು ಕೋವಿ ಹಿಡಿದೇ ಬಂದರು. 1568ರಲ್ಲಿ ಪೋರ್ಚುಗೀಸರು ಮಂಗಳೂರನ್ನು ಹಿಡಿದು ಕೋಟೆ ಕಟ್ಟಿದರು. ಬಂದರಿನ ಪಕ್ಕದ ರೊಸಾರಿಯೊ ಇಗರ್ಜಿಯ ಹುಟ್ಟು ಅದೇ ಕಾಲದ್ದು. 1580ರಿಂದ 1640ರವರೆಗೆ ಸ್ಪೇನಿಗೂ ಪೋರ್ಚುಗಲ್ಲಿಗೂ ಒಬ್ಬನೇ ದೊರೆ. ಆ ಅರವತ್ತು ವರ್ಷ ನಮ್ಮ ಹೊಳೆಬಾಯಿಯ ಕೋಟೆಯ ಒಡೆಯ ಸ್ಪೇನಿನ ದೊರೆಯೇ ಆಗಿದ್ದ. ಮೆಣಸು ಬೇಕಾಗಿದ್ದವರು ಈಗ ಊರನ್ನೇ ಬೇಕೆಂದರು. ಉಳ್ಳಾಲದ ರಾಣಿ ಅಬ್ಬಕ್ಕ ಅವರ ಎದುರು ನಿಂತದ್ದು ನೇತ್ರಾವತಿಯ ಆಚೆ ದಡದಲ್ಲಿ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಕುದ್ರೋಳಿಯ ಒಳರಸ್ತೆಗಳಲ್ಲಿ ನಡೆಯುವುದು ಹಿತ. ಅಳಕೆಯ ಕಡೆಯಿಂದ ಮೀನಿನ ಬುಟ್ಟಿ ಹೊತ್ತ ಹೆಂಗಸರ ಕೂಗು: "ಬನ್ನಿ ಅಕ್ಕ, ಬಂಗುಡೆ ಉಂಟು, ಬೂತಾಯಿ ಉಂಟು, ಈಗ ಬಂದದ್ದು!" ಕೊಳ್ಳುವ ಮನೆಯಾಕೆ ಕಿವಿರು ಎತ್ತಿ ನೋಡಿ ತುಳುವಿನಲ್ಲಿ ಚೌಕಾಸಿ ಮಾಡುತ್ತಾಳೆ. ಪಕ್ಕದ ಅಂಗಡಿಯಲ್ಲಿ ಬ್ಯಾರಿ ಮಾತು. ಎದುರು ಮನೆಯ ಜಗಲಿಯಲ್ಲಿ ಕೊಂಕಣಿ, ಭಗವತಿ ಕ್ಷೇತ್ರದ ಕಡೆ ಮಲಯಾಳ ಬೆರೆತ ನುಡಿ, ಶಾಲೆ ಬಿಟ್ಟು ಬರುವ ಮಕ್ಕಳ ಬಾಯಲ್ಲಿ ಕನ್ನಡ. ಒಂದೇ ಬೀದಿಯ ಉದ್ದಕ್ಕೆ ಮಾತು ಇಷ್ಟು ಬಗೆಯಲ್ಲಿ ಹರಿದರೂ ಯಾರೂ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಹೋಟೆಲಿನ ಬಾಣಲೆಯಲ್ಲಿ ಗೋಳಿಬಜೆ ಉಬ್ಬುತ್ತಿದೆ. ನಡುಪಳ್ಳಿಯಲ್ಲಿ ಅಸರ್ ನಮಾಜು ಮುಗಿಸಿ ಹೊರಬಂದವರು ಚಹಾದ ಗ್ಲಾಸು ಹಿಡಿದು ರಸ್ತೆಯ ಬದಿಗೆ ನಿಂತಿದ್ದಾರೆ. ಭಗವತಿಯ ಗುಡಿ, ಪಳ್ಳಿ, ಗೋಕರ್ಣನಾಥ ದೇವಸ್ಥಾನದ ಗೋಪುರ ಇವು ನಡೆದಾಡುವಷ್ಟು ಹತ್ತಿರದಲ್ಲಿವೆ.

ತಲೆಯೆತ್ತಿ ನೋಡಿದರೆ ಮಾಡುಗಳ ಕೆಂಪು. ಈಗ ತಾರಸಿ ಮನೆಗಳು ಹೆಚ್ಚಾದರೂ ತೆಂಗಿನಮರಗಳ ನಡುವೆ ಅಲ್ಲಲ್ಲಿ ಹಂಚಿನ ಮಾಡು ಉಳಿದಿದೆ. ಹಳೆಯ ಮನೆಯ ಒಳಗೆ ನಿಂತು ಮೇಲೆ ನೋಡಬೇಕು: ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಒಂದರ ಅಂಚು ಇನ್ನೊಂದರ ತೋಡಿಗೆ ಕೂರುವ ಹಂಚು, ನಡುವೆ ಬೆಳಕಿಗೆಂದು ಒಂದು ಗಾಜಿನ ಹಂಚು. ಹಂಚೊಂದರ ತೂಕ ಎರಡು ಮೂರು ಕಿಲೋ. ಆಷಾಢದ ಮಳೆಗೆ ಇದಕ್ಕಿಂತ ಒಳ್ಳೆಯ ಮಾಡು ಕರಾವಳಿಗೆ ಸಿಕ್ಕಿಲ್ಲ. ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದ ಕೈ ಜಾರ್ಜ್ ಪ್ಲೆಬ್ಸ್ಟ್ ಅವರದ್ದು. 1882ರಲ್ಲಿ ಕುದ್ರೋಳಿಯಲ್ಲೂ ಅವರದೇ ಇನ್ನೊಂದು ಕಾರ್ಖಾನೆ ಎದ್ದಿತು. ಹೊಳೆಬದಿಯ ಜೇಡಿಮಣ್ಣು ದೋಣಿಯಲ್ಲೇ ಬಂತು. ಅದನ್ನು ಮಿದ್ದು, ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗೂಡಿನಲ್ಲಿ ಸುಟ್ಟರೆ ಮಣ್ಣಿನೊಳಗಿನ ಕಬ್ಬಿಣ ಆ ಕೆಂಪನ್ನು ಕೊಟ್ಟಿತು. ದೋಣಿಯಲ್ಲಿ ಬಂದ ಮಣ್ಣು ಹಂಚಾಗಿ ಹಡಗು ಹತ್ತಿ ಏಡನಿಗೆ, ಆಫ್ರಿಕಾದ ಮೂಡಣ ಕರಾವಳಿಗೆ ಹೋಯಿತು.

ಆ ಕಾರ್ಖಾನೆಗಳಲ್ಲಿ ದುಡಿದವರು ಯಾರು ಎಂಬುದರಲ್ಲಿ ಕುದ್ರೋಳಿಯ ಮುಂದಿನ ಕಥೆಯ ಬೀಜ ಇದೆ. ಕ್ರೈಸ್ತರಾದ ಮೇಲೆ ಮನೆ, ಗೇಣಿ, ಕುಲಕಸುಬು ಎಲ್ಲ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ಮಿಷನ್ ನೇಯ್ಗೆಯನ್ನೂ ಹಂಚಿನ ಕೆಲಸವನ್ನೂ ಶುರುಮಾಡಿತು. ಹಾಗೆ ಮತಾಂತರಗೊಂಡವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ತಾಳೆಯ ಮರ ಹತ್ತಿ ಕಳ್ಳು ಇಳಿಸುತ್ತಿದ್ದ, ಗದ್ದೆಯಲ್ಲಿ ದುಡಿಯುತ್ತಿದ್ದ, ಕೋಟಿ ಚೆನ್ನಯರನ್ನು ಗರಡಿಯಲ್ಲಿ ಪೂಜಿಸುತ್ತಿದ್ದ ಈ ಸಮುದಾಯಕ್ಕೆ ಊರಿನ ದೇವಸ್ಥಾನಗಳ ಒಳಗೆ ಹೋಗುವ ಹಕ್ಕು ಇರಲಿಲ್ಲ. ಗೋಪುರದ ಹೊರಗೆ, ರಸ್ತೆಯಾಚೆ ನಿಂತು ಕೈಮುಗಿಯಬೇಕು. ಕೆಲವರು ಇಗರ್ಜಿಯ ದಾರಿ ಹಿಡಿದರು, ಕೆಲವರು ಬ್ರಹ್ಮಸಮಾಜದ ಕಡೆ ನೋಡಿದರು. ಬಹುಪಾಲು ಮಂದಿ ಹೊರಗೇ ನಿಂತರು.

ಮೊರೊಕ್ಕೋದ ಅತಿಥಿಗಾಗಿ ಅರಸುಮಗನನ್ನು ಒತ್ತೆ ಇಟ್ಟ ಊರು ಇದು. ಏಡನಿನ ಯಹೂದಿಗಳ ಪತ್ರ, ಪಾರಸಿಯ ವರ್ತಕ, ಚೀನಾಕ್ಕೆ ಹೊರಟ ರಾಯಭಾರಿ ಎಲ್ಲವನ್ನೂ ಎಲ್ಲರನ್ನೂ ಬರಮಾಡಿಕೊಂಡ ದಂಡೆ ಇದು. ಆದರೆ ಅದೇ ದಂಡೆಯಲ್ಲಿ ಹುಟ್ಟಿ ಬೆಳೆದವನು ತನ್ನೂರಿನ ದೇವರನ್ನು ಎದುರಿನಿಂದ ಕಾಣುವಂತಿರಲಿಲ್ಲ. ಕಡಲಿಗೆ ತೆರೆದ ಬಾಗಿಲು ಮನೆಯವರಿಗೆ ತೆರೆದಿರಲಿಲ್ಲ. ಮಂಗಳೂರಿನ ಚರಿತ್ರೆಯನ್ನು ಬರೀ ಸೌಹಾರ್ದದ ಕಥೆಯೆಂದು ಹೇಳುವಾಗ ನಾವು ಈ ಸಾಲನ್ನು ಬಿಟ್ಟುಬಿಡುತ್ತೇವೆ. ಬಿಡಬಾರದು.

ಕೇರಳದಲ್ಲಿ ಈಳವ ಸಮುದಾಯದ ಗತಿಯೂ ಹೀಗೇ ಇತ್ತು. 1888ರಲ್ಲಿ ಆ ಸಮುದಾಯದಲ್ಲೇ ಹುಟ್ಟಿದ ನಾರಾಯಣ ಗುರುಗಳು ಅರುವಿಪ್ಪುರದಲ್ಲಿ ನೆಯ್ಯಾರ್ ಹೊಳೆಯಿಂದ ಎತ್ತಿದ ಕಲ್ಲನ್ನು ಶಿವಲಿಂಗವಾಗಿ ಪ್ರತಿಷ್ಠೆ ಮಾಡಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆ ಸುದ್ದಿ ಕರಾವಳಿಯುದ್ದಕ್ಕೂ ಬಡಗಣಕ್ಕೆ ಹರಿದು ಬಂತು. ಮಂಗಳೂರಿನ ಬಿಲ್ಲವ ಮುಖಂಡರು, ಸಾಹುಕಾರ ಕೊರಗಪ್ಪನವರ ನೇತೃತ್ವದಲ್ಲಿ, ಗುರುಗಳನ್ನು ಕರೆತರಲು ಕೇರಳಕ್ಕೆ ಹೋದರು. ಗುರುಗಳು 1908ರಲ್ಲಿ ಬಂದು ಜಾಗ ನೋಡಿದರು, ಕುದ್ರೋಳಿಯನ್ನು ಆರಿಸಿದರು. 1912ರ ಶಿವರಾತ್ರಿಯ ಹೊತ್ತಿಗೆ ತಾವೇ ಶಿವಲಿಂಗ ತಂದು ಪ್ರತಿಷ್ಠಾಪಿಸಿ, ಗೋಕರ್ಣನಾಥ ಎಂದು ಕರೆದರು. ಹೊರಗೆ ನಿಂತವರು ಒಳಗೆ ಬಿಡಿ ಎಂದು ಯಾರ ಬಾಗಿಲನ್ನೂ ತಟ್ಟಲಿಲ್ಲ. ತಾವೇ ಒಂದು ಗುಡಿ ಕಟ್ಟಿ, ಅದಕ್ಕೆ ಎಲ್ಲರಿಗೂ ತೆರೆದ ಬಾಗಿಲು ಇಟ್ಟರು. ಮದ್ರಾಸ್ ಪ್ರಾಂತದಲ್ಲಿ ದೇವಾಲಯ ಪ್ರವೇಶಕ್ಕೆ ಕಾನೂನಿನ ಬಲ ಸಿಗಲು ಆಗ ಇನ್ನೂ ಕಾಲು ಶತಮಾನಕ್ಕೂ ಹೆಚ್ಚು ಕಾಲವಿತ್ತು.

ಸಂಜೆ ಗೋಕರ್ಣನಾಥೇಶ್ವರನ ಅಂಗಳಕ್ಕೆ ಕಾಲಿಟ್ಟರೆ ಮೊದಲು ಸೆಳೆಯುವುದು ಗೋಪುರದ ಎತ್ತರ ಮತ್ತು ಹೊನ್ನಿನ ಬಣ್ಣ. 1912ರಲ್ಲಿ ಎದ್ದ ಗುಡಿ ಕೇರಳ ಶೈಲಿಯದ್ದು. ಈಗಿನದು ಮಾಜಿ ಕೇಂದ್ರ ಸಚಿವ ಬಿ. ಜನಾರ್ದನ ಪೂಜಾರಿಯವರ ಮುಂದಾಳುತನದಲ್ಲಿ ಚೋಳ ಶೈಲಿಯಲ್ಲಿ ನವೀಕರಣಗೊಂಡದ್ದು. 1991ರಲ್ಲಿ ರಾಜೀವ್ ಗಾಂಧಿ ಉದ್ಘಾಟಿಸಿದರು. ಗೋಡೆಗಳಲ್ಲಿ ಪುರಾಣದ ಕಥೆಗಳ ಉಬ್ಬುಶಿಲ್ಪ. ಸುತ್ತಲೂ ಗಣಪತಿ, ಸುಬ್ರಹ್ಮಣ್ಯ, ಅನ್ನಪೂರ್ಣೇಶ್ವರಿ, ಕಾಲಭೈರವ, ಶನೀಶ್ವರ, ಕೃಷ್ಣ, ನವಗ್ರಹ. ಪ್ರವೇಶದ ಬಳಿಯೇ ನಾರಾಯಣ ಗುರುಗಳ ಮೂರ್ತಿ. ಒಳಗೆ ಹೋಗುವವರು ಮೊದಲು ಅಲ್ಲಿ ಕೈಮುಗಿದು ಮುಂದೆ ನಡೆಯುತ್ತಾರೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತ ಅಜ್ಜಿಯೊಬ್ಬರು ಮೊಮ್ಮಗನಿಗೆ ತುಳುವಿನಲ್ಲಿ ಕಥೆ ಹೇಳುತ್ತಿದ್ದಾರೆ. ಆಫೀಸು ಮುಗಿಸಿ ಬಂದ ಹುಡುಗಿ ಚಪ್ಪಲಿ ಬಿಟ್ಟು ಅವಸರದಲ್ಲಿ ಒಂದು ಸುತ್ತು ಬರುತ್ತಾಳೆ. ಯಾರ ಕುಲ ಯಾವುದು ಎಂದು ಕೇಳುವ ಕಣ್ಣು ಇಲ್ಲಿ ಯಾವ ಕಂಬದ ಬಳಿಯೂ ಇಲ್ಲ.

ಇಷ್ಟರಿಂದಲೇ ಬಾಗಿಲು ಪೂರ್ತಿ ತೆರೆಯಿತು ಎಂದು ಈ ಗುಡಿ ಸುಮ್ಮನೆ ಕೂರಲಿಲ್ಲ. 2013ರಲ್ಲಿ ಇಬ್ಬರು ವಿಧವೆಯರನ್ನು ಇಲ್ಲಿ ಅರ್ಚಕರನ್ನಾಗಿ ನೇಮಿಸಲಾಯಿತು. ಮದುವೆ ಚಪ್ಪರದ ಮುಂದಿನ ಸಾಲಿನಲ್ಲಿ ನಿಲ್ಲಲು ಹಿಂಜರಿಯಬೇಕಾಗಿದ್ದ ಹೆಣ್ಣು ಗರ್ಭಗುಡಿಯ ಮುಂದೆ ಆರತಿ ಎತ್ತಿದಳು. ಜಾತಿಯ ಕಾರಣಕ್ಕೆ ಹೊರಗೆ ನಿಂತವರ ಮಕ್ಕಳು, ವೈಧವ್ಯದ ಕಾರಣಕ್ಕೆ ಹೊರಗೆ ನಿಂತವರನ್ನು ಗುರುತಿಸಿ ಒಳಗೆ ಕರೆದರು. ತಮಗೆ ಸಿಕ್ಕ ನ್ಯಾಯವನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಹೇಗೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಸಂಗತಿ ಕರಾವಳಿಯಲ್ಲಿ ನನಗೆ ಗೊತ್ತಿಲ್ಲ.

ಕುದ್ರೋಳಿಯನ್ನು ಪೂರ್ತಿ ನೋಡಬೇಕೆಂದರೆ ನವರಾತ್ರಿಗೆ ಬರಬೇಕು. ಮಂಗಳೂರು ದಸರಾ ಎಂದರೆ ಕುದ್ರೋಳಿಯದ್ದೇ. ಶಾರದೆ, ಗಣಪತಿ, ಆದಿಶಕ್ತಿ, ನವದುರ್ಗೆಯರ ಮಣ್ಣಿನ ಮೂರ್ತಿಗಳು ಬಣ್ಣ, ಜರಿ, ಒಡವೆ ತೊಟ್ಟು ದರ್ಬಾರು ಮಂಟಪದಲ್ಲಿ ಸಾಲಾಗಿ ಕೂರುತ್ತವೆ. ನಗರದ ಮುಖ್ಯರಸ್ತೆಗಳು ದೀಪದ ಚಪ್ಪರವಾಗುತ್ತವೆ. ಮಣ್ಣಗುಡ್ಡೆ, ಅಳಕೆ, ರಥಬೀದಿ, ಎಲ್ಲೆಲ್ಲೂ ತಾಸೆಯ ಬಡಿತ. ಮೈಗೆ ಹಳದಿ ಕಪ್ಪು ಬಳಿದುಕೊಂಡ ಹುಲಿಗಳು ಕುಣಿಯುತ್ತಾ ಬರುತ್ತವೆ; ಮರಿಹುಲಿ ವೇಷದ ಮಗು ಅಪ್ಪನ ಹೆಗಲ ಮೇಲೆ. ಬಣ್ಣ ಒಣಗಲು ಗಂಟೆಗಟ್ಟಲೆ ಕೈ ಚಾಚಿ ನಿಂತ ಹುಡುಗ ತಾಸೆ ಕೇಳಿದ್ದೇ ತಡ, ಗಾಳಿಯಲ್ಲಿ ಲಾಗ ಹಾಕುತ್ತಾನೆ. ಪಳಗಿದ ಹುಲಿಯೊಬ್ಬ ಬಗ್ಗಿ, ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ಎತ್ತಿ ತಲೆಯ ಹಿಂದಕ್ಕೆ ಎಸೆದಾಗ ಬೀದಿಯೇ ಕೇಕೆ ಹಾಕುತ್ತದೆ.

ವಿಜಯದಶಮಿಯ ಸಂಜೆ ಮೂರ್ತಿಗಳು ಮೆರವಣಿಗೆ ಹೊರಡುತ್ತವೆ. ಮುಂದೆ ಕೇರಳದ ಚೆಂಡೆ, ತ್ರಿಶ್ಶೂರಿನ ಬಣ್ಣದ ಕೊಡೆಗಳು, ಹುಲಿಗಳ ತಂಡಗಳು, ಒಂದರ ಹಿಂದೆ ಒಂದು ಸ್ತಬ್ಧಚಿತ್ರ. ಮಣ್ಣಗುಡ್ಡೆ, ಲೇಡಿಹಿಲ್, ಎಂ.ಜಿ. ರಸ್ತೆ, ಹಂಪನಕಟ್ಟೆ, ರಥಬೀದಿ ಸುತ್ತಿ, ಅಳಕೆಯ ದಾರಿಯಲ್ಲಿ ಮರಳುವಷ್ಟರಲ್ಲಿ ಬೆಳಗಾಗುತ್ತದೆ. ಆಗ ಗುಡಿಯ ಪುಷ್ಕರಣಿಯಲ್ಲಿ ವಿಸರ್ಜನೆ. ರಾತ್ರಿಯಿಡೀ ರಸ್ತೆಬದಿಯ ಅಂಗಡಿಗಳು ಬಾಗಿಲು ಹಾಕುವುದಿಲ್ಲ. ಜನರ ದಂಡು ಎಷ್ಟು ದಟ್ಟ ಎಂದರೆ ಪಕ್ಕದಲ್ಲಿ ನಿಂತವರು ಯಾರೆಂದು ಯಾರೂ ಕೇಳುವ ಹಾಗಿಲ್ಲ. ಎತ್ತರದಲ್ಲಿ ಮಗುವನ್ನು ಹಿಡಿದುಕೊಂಡು ಶಾರದೆಯನ್ನು ತೋರಿಸುವ ತಂದೆ ಯಾವ ಕೇರಿಯವನಾದರೂ ಇರಬಹುದು. ಒಂದು ಕಾಲದಲ್ಲಿ ರಥಬೀದಿಯ ಆಚೆ ನಿಲ್ಲಬೇಕಾಗಿದ್ದವರ ದೇವರು ಅದೇ ರಥಬೀದಿಯ ನಡುವಿನಲ್ಲಿ, ಊರೆಲ್ಲ ನೋಡುವಂತೆ ಹಾದುಹೋಗುವುದನ್ನು ಕಂಡಾಗ ಈ ಹಬ್ಬದ ಅಬ್ಬರಕ್ಕೆ ಬೇರೆಯೇ ಅರ್ಥ ಬರುತ್ತದೆ.

ಇಬ್ನ್ ಬತೂತನ ಕಾಲದಲ್ಲಿ ಬಂದರಿನ ಬಾಗಿಲು ತೆರೆದದ್ದು ಅಗತ್ಯದಿಂದ. ಮೆಣಸು ಮಾರಬೇಕಿತ್ತು, ಸುಂಕ ಬರಬೇಕಿತ್ತು. ಅದು ತಪ್ಪಲ್ಲ, ಬಂದರುಗಳು ಬದುಕುವುದೇ ಹಾಗೆ. ಆದರೆ ಅಗತ್ಯ ತೀರಿದ ದಿನ ಅಂಥ ಬಾಗಿಲು ಮುಚ್ಚಿಕೊಳ್ಳಬಹುದು, ಮಾಲಗಾದಲ್ಲಿ ಮುಚ್ಚಿತು. 1912ರಲ್ಲಿ ಕುದ್ರೋಳಿಯಲ್ಲಿ ತೆರೆದದ್ದು ಬೇರೆ ಬಗೆಯ ಬಾಗಿಲು. ಅದರಿಂದ ಯಾರಿಗೂ ಸುಂಕ ಬರಲಿಲ್ಲ. ಮನುಷ್ಯನಿಗೆ ಅದು ಸಲ್ಲಬೇಕು ಎಂಬ ಒಂದೇ ಕಾರಣಕ್ಕೆ ತೆರೆಯಿತು. ನೆರೆಯವರ ನಡುವೆ ಅನುಮಾನ ಬಿತ್ತುವ ಸುದ್ದಿಗಳು ಮಂಗಳೂರಿನ ಹೆಸರಿಗೆ ಅಂಟಿಕೊಳ್ಳುತ್ತಿರುವ ಈ ದಿನಗಳಲ್ಲಿ ಊರಿನ ಬಳಿ ಇರುವ ಬಲವಾದ ಉತ್ತರ ಈ ಎರಡನೆಯ ಬಾಗಿಲು ಎಂದು ನಾನು ನಂಬಿದ್ದೇನೆ.

ಅದಕ್ಕೇ ಇಲ್ಲಿಯ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಕೋರಿಕೆ. ಮಕ್ಕಳನ್ನು ಪ್ರವಾಸಕ್ಕೆಂದು ದೂರದೂರಿಗೆ ಕರೆದೊಯ್ಯುವ ಮೊದಲು ಒಂದು ದಿನ ಇಲ್ಲೇ ನಡೆಸಿ. ಬೆಳಿಗ್ಗೆ ಬತ್ತೇರಿಯ ಕಡವು, ಆಮೇಲೆ ಬಂದರಿನ ಗೋದಾಮು ಮತ್ತು ಮಸೀದಿ, ರೊಸಾರಿಯೊ ಇಗರ್ಜಿ, ಒಂದು ಹಳೆಯ ಹಂಚಿನ ಮಾಡಿನ ಕೆಳಗೆ ಊಟ, ಸಂಜೆಗೆ ಗೋಕರ್ಣನಾಥನ ಅಂಗಳ. ರಾಮದೇವನ ಕಥೆಯ ಜೊತೆ ಕೊರಗಪ್ಪನವರ ಕಥೆ ಹೇಳಿ. ಹೊರಗಿನವರನ್ನು ಕರೆದ ಊರಿನ ಹೆಮ್ಮೆಯನ್ನೂ, ಒಳಗಿನವರನ್ನು ಹೊರಗಿಟ್ಟ ಊರಿನ ತಪ್ಪನ್ನೂ, ಆ ತಪ್ಪನ್ನು ಊರಿನವರೇ ತಿದ್ದಿಕೊಂಡ ಬಗೆಯನ್ನೂ ಒಟ್ಟಿಗೆ ಕಲಿತ ಮಗು ನಾಳೆ ಯಾವ ಬಾಗಿಲಿನ ಕಾವಲಿಗೆ ನಿಂತರೂ ಯೋಚಿಸಿ ನಿಲ್ಲುತ್ತದೆ.